ತಪಾಸಣೆಗೆ ತೊಡಿಸಿದ ಅಂಗಿ

ಮಾರ್ಚ್ 4, ಮಂಗಳವಾರ

ಇವತ್ತು ಎರಡು ನೋಟ್‌ಬುಕ್ ಕೊಂಡೆ. ಒಂದು ಫಾರ್ಮಮ್ಮ ಹೇಳಿದ್ದಕ್ಕೆ, ಇನ್ನೊಂದು ಇದು. ಆ ಪುಸ್ತಕದಲ್ಲಿ ತಮ್ಮನಿಗೆ ದಿನವೂ ನಾನು ಏನೇನು ಮಾಡಿಕೊಡುತ್ತೇನೆ ಎಂದು ಗಂಟೆ ಸಮೇತ ಬರೆಯಬೇಕಂತೆ. ಈ ಪುಸ್ತಕದಲ್ಲಿ ಏನು ಬರೆಯಬೇಕೆಂದು ಯಾರೂ ಹೇಳಿಲ್ಲ. ಅಲ್ಲಿ ಬರೆಯಲಾಗದ್ದು ಏನಾದರೂ ಇದ್ದೇ ಇರುತ್ತದೆ ಅನ್ನಿಸಿತು, ಅದಕ್ಕೇ ಕೊಂಡೆ.

ಫಾರ್ಮಮ್ಮ ಎನ್ನುವುದು ನಾವಿಟ್ಟ ಹೆಸರು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮಂಗಳವಾರ, ಶುಕ್ರವಾರ ಕೂರುತ್ತಾರೆ. ಅಂಗವಿಕಲರ ಭತ್ಯೆ, ಮಾನಸಿಕ ಕಾಯಿಲೆಯವರ ಭತ್ಯೆ, ಇಂಥವಕ್ಕೆ ಅರ್ಜಿ ತುಂಬಿಸಿಕೊಡುವುದು, ತಿರಸ್ಕಾರವಾದರೆ ಮೇಲ್ಮನವಿ ಬರೆದುಕೊಡುವುದು ಅವರ ಕೆಲಸ. ಸಂಬಳವಿಲ್ಲ, ಸುಮ್ಮನೆ ಮಾಡುತ್ತಾರೆ. ಅರವತ್ತೈದು ದಾಟಿರಬೇಕು. ಎಡ ಕಂಕುಳಲ್ಲಿ ಊರುಗೋಲು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ನಮ್ಮ ತಿರಸ್ಕಾರದ ಪತ್ರವನ್ನು ಎರಡು ಸಲ ಓದಿದರು. ಎರಡನೆಯ ಸಲ ಜೋರಾಗಿ ಓದಿದರು.

“ಅರ್ಜಿದಾರರು ಶುಭ್ರವಾದ, ಇಸ್ತ್ರಿ ಮಾಡಿದ ಉಡುಪು ಧರಿಸಿದ್ದರು. ಕ್ಷೌರ ಮಾಡಿಕೊಂಡಿದ್ದರು. ದೈನಂದಿನ ಕೆಲಸಗಳಿಗೆ ಇತರರ ನೆರವಿನ ಅಗತ್ಯ ಕಂಡುಬಂದಿಲ್ಲ.”

ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಅಂಗಿಗೆ ಇಸ್ತ್ರಿ ಹಾಕಿದ್ದು ಯಾರು ಎಂದು ಕೇಳಿದರು. ನಾನು ಎಂದೆ. ಕ್ಷೌರ? ಅದೂ ನಾನೇ. ಅವರು ಪತ್ರವನ್ನು ಮಡಚಿ, “ಹಾಗಾದ್ರೆ ಇದು ನಿಮ್ಮ ವಿಷಯದಲ್ಲಿ ಬರೆದಿರೋ ವರದಿ. ನಿಮ್ಮ ತಮ್ಮಂದು ಇನ್ನೂ ಯಾರೂ ಬರೆದಿಲ್ಲ” ಅಂದರು.

ನಗು ಬರಬೇಕಿತ್ತು. ಬರಲಿಲ್ಲ. ನಾನು ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷದಿಂದ ಇಸ್ತ್ರಿ ಹಾಕುವವಳು. ನಮ್ಮ ಮನೆಯಿಂದ ಸುಕ್ಕು ಬಟ್ಟೆಯಲ್ಲಿ ಯಾರೂ ಹೊರಗೆ ಕಾಲಿಟ್ಟಿಲ್ಲ. ಒಳಗೆ ಏನೇ ಇರಲಿ, ಕಾಲರ್ ಮಾತ್ರ ನೆಟ್ಟಗಿರಬೇಕು. ಅದೇ ನನ್ನ ಕೊಬ್ಬು, ಅದೇ ಈಗ ತಮ್ಮನ ಕುತ್ತಿಗೆಗೆ ಬಂತು.

ಮಾರ್ಚ್ 6, ಗುರುವಾರ

ಮಧ್ಯಾಹ್ನದ ವಿರಾಮದಲ್ಲಿ, ಆಸ್ಪತ್ರೆಯ ಬೆಡ್‌ಶೀಟ್ ಗಂಟಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಫಾರ್ಮಮ್ಮನ ಪುಸ್ತಕದಲ್ಲಿ ಮೊದಲ ದಿನ ಎರಡೇ ಸಾಲು ಬರೆದಿದ್ದೆ. ಊಟ ಬಡಿಸಿದೆ, ಮಾತ್ರೆ ಕೊಟ್ಟೆ, ಅಷ್ಟೇ. ಬೇರೇನು ಮಾಡುತ್ತೇನೆ ನಾನು? ಅವನೇ ಸ್ನಾನ ಮಾಡುತ್ತಾನೆ, ಅವನೇ ಬಟ್ಟೆ ಹಾಕಿಕೊಳ್ಳುತ್ತಾನೆ.

ನಿನ್ನೆ ನನ್ನನ್ನು ನಾನೇ ಕಾದು ನೋಡಿದೆ. ಏಳಿಸಲು ನಾಲ್ಕು ಸಲ ಹೋದೆ. ನೀರು ಬಿಸಿ ಮಾಡಿ, ಬಚ್ಚಲ ಬಾಗಿಲ ಹೊರಗೆ ನಿಂತೆ. ನೀರಿನ ಸದ್ದು ನಿಂತಾಗಲೆಲ್ಲ “ಮುಂದಕ್ಕೆ” ಎಂದು ಕೂಗಿದೆ, ಇಲ್ಲದಿದ್ದರೆ ಸೋಪು ಹಿಡಿದುಕೊಂಡು ಹಾಗೇ ನಿಂತುಬಿಡುತ್ತಾನೆ. ಬಟ್ಟೆಯನ್ನು ಹಾಕಿಕೊಳ್ಳುವ ಕ್ರಮದಲ್ಲಿ ಮಂಚದ ಮೇಲೆ ಸಾಲಾಗಿ ಇಟ್ಟೆ. ಗ್ಯಾಸ್ ಒಲೆ ತಿರುಗಿಸುವ ಗುಬಟು ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ. ಬೀಗ ಹಾಕಿದೆ. ಹನ್ನೊಂದಕ್ಕೆ ಫೋನ್ ಮಾಡಿ, “ಮೇಲಿನವರು ಏನಂತಾರೆ?” ಎಂದು ಕೇಳಿದೆ.

ಮೇಲಿನವರು ಎಂದರೆ ಅವನಿಗೆ ಕೇಳುವ ದನಿಗಳು. ಹನ್ನೊಂದು ವರ್ಷವಾಯಿತು. ನಮ್ಮದು ಕೊನೆಯ ಮಹಡಿ, ಮೇಲೆ ನೀರಿನ ಟ್ಯಾಂಕ್ ಬಿಟ್ಟರೆ ಯಾರೂ ಇಲ್ಲ. ಒಳ್ಳೆಯ ದಿನಗಳಲ್ಲಿ ಅವನೇ ತಮಾಷೆ ಮಾಡುತ್ತಾನೆ, “ಇವತ್ತು ಮೇಲೆ ಮೀಟಿಂಗ್ ಇದೆ ಅಕ್ಕ, ಸ್ವಲ್ಪ ಗಲಾಟೆ.” ಕೆಟ್ಟ ದಿನಗಳಲ್ಲಿ ತಮಾಷೆ ಇರುವುದಿಲ್ಲ.

ಬರೆದು ಮುಗಿಸಿದಾಗ ಮೂರು ಪುಟವಾಗಿತ್ತು. ಅದನ್ನು ಓದಿ ಗಾಬರಿಯಾಯಿತು. ಹನ್ನೊಂದು ವರ್ಷ ಇದನ್ನೆಲ್ಲ ನನ್ನ ಕೈ ಮಾಡುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ 11, ಮಂಗಳವಾರ

ಫಾರ್ಮಮ್ಮ ಪುಸ್ತಕ ಓದಿ ಕೆಂಡವಾದರು. ನನ್ನ ಮೇಲಲ್ಲ, ಮನೆಗೆ ಬಂದಿದ್ದ ತಪಾಸಣೆಯವನ ಮೇಲೆ. ಇಷ್ಟೆಲ್ಲ ಇರುವಾಗ ಒಂದು ಪ್ರಶ್ನೆ ಕೇಳಿದ್ದರೂ ಸಾಕಿತ್ತು, ಅವನು ಕೇಳಿಯೇ ಇಲ್ಲ, ಕುರ್ಚಿಯಲ್ಲಿ ಕೂತು ಅಂಗಿ ನೋಡಿ ಎದ್ದು ಹೋಗಿದ್ದಾನೆ ಎಂದರು. ಅಲ್ಲೇ ಮೇಲ್ಮನವಿ ಬರೆದರು. “ಅಧಿಕಾರಿಯು ಸ್ನಾನ, ಊಟ, ಸುರಕ್ಷತೆಯ ಬಗ್ಗೆ ಯಾವುದೇ ಪ್ರಶ್ನೆ ಕೇಳಿರುವುದಿಲ್ಲ” ಎಂದು ಬರೆದು, ಕೇಳಲಿಲ್ಲ ತಾನೇ ಎಂದು ನನ್ನತ್ತ ನೋಡಿದರು.

ನಾನು ತಲೆಯಾಡಿಸಿದೆ. ಅದು ಹೌದೋ ಅಲ್ಲವೋ ಎಂದು ನನಗೇ ಗೊತ್ತಾಗದ ಹಾಗೆ ಆಡಿಸಿದೆ. ಅವರು ಕೆಳಗೆ ತಮ್ಮದೂ ಒಂದು ಸಹಿ ಹಾಕಿದರು, ನೆರವು ನೀಡಿದವರು ಎಂದು.

ಒಂದು ಮಾತು ಇಲ್ಲಿ ಬರೆಯಬೇಕಿತ್ತು. ಇವತ್ತು ಬೇಡ.

ಮಾರ್ಚ್ 12, ಬುಧವಾರ

ಇವತ್ತೂ ಬೇಡ.

ಮಾರ್ಚ್ 17, ಸೋಮವಾರ

ಸೂಪರ್‌ವೈಸರ್ ಕರೆದು ಹೇಳಿದ. ಜೂನ್ ಎರಡರಿಂದ ನನ್ನ ಅರ್ಧ ಪಾಳಿ ಇರುವುದಿಲ್ಲ. ಇನ್ನೊಂದು ದೊಡ್ಡ ಆಸ್ಪತ್ರೆಯ ಬಟ್ಟೆ ಬರುತ್ತದಂತೆ. ಬೆಳಿಗ್ಗೆ ಎಂಟರಿಂದ ಸಂಜೆ ಆರು, ಆಗುವವರು ಇರಬಹುದು, ಆಗದವರು ಹೋಗಬಹುದು. ಒಳ್ಳೆಯವನೇ. ಹೇಳುವಾಗ ನೆಲ ನೋಡುತ್ತಿದ್ದ.

ಹತ್ತು ಗಂಟೆ ತಮ್ಮನನ್ನು ಬೀಗದೊಳಗೆ ಕೂಡಿಡಲಾಗದು, ಬೀಗವಿಲ್ಲದೆ ಒಬ್ಬನೇ ಬಿಡುವುದು ಹೇಗೆ? ಹೋದ ವರ್ಷ ಒಂದು ದಿನ ಬೀಗ ಹಾಕದೆ ಬಿಟ್ಟಿದ್ದೆ. ಕಾಯಿಲೆಗೆ ಮೊದಲು ಅವನು ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನ ಬಾಗಿಲು ತೆರೆಯುವ ಹಳೆಯ ಕೀಲಿ ಅವನ ಹತ್ತಿರ ಉಳಿದಿತ್ತು, ನನಗೆ ತಿಳಿದಿರಲಿಲ್ಲ. ಮೇಲಿನವರು ಕರೆದರು ಎಂದು ನಮ್ಮ ಕಟ್ಟಡದ ಲಿಫ್ಟಿನ ಬಾಗಿಲು ತೆರೆದು, ಕತ್ತಲ ಬಾವಿಯೊಳಗೆ ಇಳಿದು, ಲಿಫ್ಟಿನ ನೆತ್ತಿಯ ಮೇಲೆ ನಾಲ್ಕು ಗಂಟೆ ಕೂತಿದ್ದ. ಜನ ಹತ್ತಿ ಇಳಿಯುತ್ತಲೇ ಇದ್ದರು. ಕೆಳಗಿನ ಮನೆಯ ಟೈಲರ್‌ಗೆ ಮೇಲಿಂದ ಕೆಮ್ಮು ಕೇಳಿಸಿ, ಅಗ್ನಿಶಾಮಕದವರು ಬಂದರು. ಇಳಿಸಿದಾಗ ಅವನು ಮೊದಲು ಹೇಳಿದ್ದು, ಹಗ್ಗಕ್ಕೆ ಗ್ರೀಸ್ ಸಾಲದು ಅಂತ.

ಭತ್ಯೆ ಸಿಕ್ಕರೆ ಹಗಲು ಆರೈಕೆ ಕೇಂದ್ರದಲ್ಲಿ ಜಾಗ ಸಿಗುತ್ತದೆ. ಆ ಆದೇಶದ ಕಾಗದವಿಲ್ಲದೆ ಅಲ್ಲಿ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಸಿಗದಿದ್ದರೆ ಕೆಲಸ ಬಿಡಬೇಕು, ಇಲ್ಲ ಅವನನ್ನು ಆ ಲಿಫ್ಟಿನ ಜೊತೆ ಬಿಟ್ಟು ಹೋಗಬೇಕು.

ಜೊತೆಯವಳು, ಪಕ್ಕದ ಮೇಜಿನವಳು, ಯಾಕೆ ಮುಖ ಹೀಗಿದೆ ಎಂದು ಕೇಳಿದಳು. ತಲೆನೋವು ಎಂದೆ. ನನ್ನ ತಮ್ಮ ಮನೆಯಲ್ಲೇ ಕೂತು ಯಾವುದೋ ಕಂಪನಿಗೆ ನಕ್ಷೆ ಬರೆದುಕೊಡುತ್ತಾನೆ ಎಂದು ಅವಳು ನಂಬಿದ್ದಾಳೆ. ಆ ಕಂಪನಿಯನ್ನು ಕಟ್ಟಿದವಳೂ ನಾನೇ.

ಮಾರ್ಚ್ 23, ಭಾನುವಾರ

ಸರಿ, ಬರೆದೇ ಬಿಡುತ್ತೇನೆ.

ತಪಾಸಣೆಯವನು ಕೇಳಿದ್ದ. ಎಲ್ಲವನ್ನೂ ಕೇಳಿದ್ದ. ಇಪ್ಪತ್ತೈದು ಮೂವತ್ತರ ಹುಡುಗ, ಬೂಟನ್ನು ಹೊರಗೇ ಬಿಟ್ಟು ಬಂದ, ನೀರು ಕೇಳಿ ಕುಡಿದ. ನಾನು ಹಿಂದಿನ ದಿನವೇ ಮನೆ ತೊಳೆದಿದ್ದೆ. ತಮ್ಮನಿಗೆ ಕ್ಷೌರ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಬಿಳಿ ಅಂಗಿಗೆ ತೆಳ್ಳಗೆ ಗಂಜಿ ಕೊಟ್ಟು ಇಸ್ತ್ರಿ ಹಾಕಿದ್ದೆ. ಮೇಲಿನವರ ವಿಷಯ ಎತ್ತಬೇಡ, ಕೇಳಿದ್ದಕ್ಕೆ ಹೂಂ ಅನ್ನು ಸಾಕು ಎಂದು ಎರಡು ದಿನ ಪಾಠ ಹೇಳಿದ್ದೆ. ಭತ್ಯೆ ಬೇಕೆಂದು ಅರ್ಜಿ ಹಾಕಿದವಳು ನಾನೇ, ಬಂದವನ ಎದುರು ನಮಗೇನೂ ಕಡಿಮೆಯಿಲ್ಲ ಎಂದು ತೋರಿಸಿದವಳೂ ನಾನೇ.

ಅವನು ತಮ್ಮನನ್ನು ಕೇಳಿದ, ಸ್ನಾನಕ್ಕೆ ಯಾರಾದರೂ ಸಹಾಯ ಮಾಡಬೇಕಾ? ತಮ್ಮ ನನ್ನ ಮುಖ ನೋಡಿದ. ನಾನು ಹೇಳಿದೆ, “ಅಯ್ಯೋ ಇಲ್ಲಪ್ಪ, ಏನೂ ಬೇಡ, ಎಲ್ಲಾ ಅವನೇ ಮಾಡ್ಕೊತಾನೆ.” ಅಡುಗೆ? ಮಾಡುತ್ತಾನೆ. ಒಬ್ಬನೇ ಹೊರಗೆ? ಹೋಗುತ್ತಾನೆ, ತರಕಾರಿ ಅವನೇ ಆರಿಸುವುದು, ನನಗಿಂತ ಚೆನ್ನಾಗಿ ಆರಿಸುತ್ತಾನೆ. ಕೇಳದೆ ಇದ್ದದ್ದನ್ನೂ ಹೇಳಿದೆ. ಪೇಪರ್ ಓದುತ್ತಾನೆ, ಲೆಕ್ಕದಲ್ಲಿ ಗಟ್ಟಿಗ, ಯಾರಿಗೂ ತೊಂದರೆ ಕೊಟ್ಟವನಲ್ಲ. ಬಾಯಿಗೆ ಬೀಗ ಇರಲಿಲ್ಲ. ಆ ಹುಡುಗ ಹೇಳಿದ್ದನ್ನೆಲ್ಲ ಬರೆದುಕೊಂಡ. ಅವನು ಮಾಡಿದ ತಪ್ಪು ಅಷ್ಟೇ, ನನ್ನನ್ನು ನಂಬಿದ.

ಈಗ ಅವನ ಮೇಲೆ ದೂರು ಹೋಗಿದೆ. ಅದರ ಕೆಳಗೆ ಫಾರ್ಮಮ್ಮನ ಸಹಿ ಇದೆ. ತಮ್ಮನಂತೂ ಈವರೆಗೂ ಒಂದು ಮಾತು ಎತ್ತಿಲ್ಲ. ನೆನಪಿಲ್ಲವೇನೋ. ನೆನಪಿರದಿದ್ದರೆ ಸಾಕು ಎಂದು ಆಸೆಪಡುವ ಮಟ್ಟಕ್ಕೆ ಇಳಿದಿದ್ದೇನೆ.

ಏಪ್ರಿಲ್ 1, ಮಂಗಳವಾರ

ವಿಚಾರಣೆಯ ದಿನ ಬಂತು, ಮೇ ಹದಿನಾಲ್ಕು. ಮೂವರು ಕೂರುತ್ತಾರಂತೆ. ಒಬ್ಬರು ಕಾನೂನಿನವರು, ಒಬ್ಬರು ಡಾಕ್ಟರ್, ಇನ್ನೊಬ್ಬರು ಅಂಗವೈಕಲ್ಯವನ್ನು ಸ್ವತಃ ಬಲ್ಲವರು. ತಮ್ಮ ಬರಬೇಕು, ನಾನೂ ಬರಬೇಕು.

ಫಾರ್ಮಮ್ಮ ಬೆರಳೆತ್ತಿ ಎಚ್ಚರಿಸಿದರು, ಈ ಸಲ ಇಸ್ತ್ರಿ ಪೆಟ್ಟಿಗೆ ಮುಟ್ಟಿದರೆ ನೋಡಿ. ಅವನು ಇದ್ದ ಹಾಗೆ ಬರಲಿ. ಅಲಂಕಾರ ಬೇಡ, ವೇಷವೂ ಬೇಡ.

ಅಲಂಕಾರ ಬೇಡ ಎಂದದ್ದು ಮಾತ್ರ ನನ್ನ ಕಿವಿಗೆ ಬಿತ್ತು.

ಏಪ್ರಿಲ್ 10, ಗುರುವಾರ

ಮೂರು ದಿನದಿಂದ ನಾನು ಮಾಡುತ್ತಿರುವುದನ್ನು ಬರೆಯಲು ನಾಚಿಕೆಯಾಗುತ್ತದೆ. ಮಾತ್ರೆ, ಊಟ ಬಿಟ್ಟು ಬೇರೇನೂ ಮಾಡಲಿಲ್ಲ. ಏಳಿಸಲಿಲ್ಲ, ನೀರು ಕಾಯಿಸಲಿಲ್ಲ, “ಮುಂದಕ್ಕೆ” ಎನ್ನಲಿಲ್ಲ. ನಾನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪುಸ್ತಕದಲ್ಲಿ ಗಟ್ಟಿ ಪುರಾವೆ ಬೇಕಿತ್ತು. ರಜೆ ಹಾಕಿ ಮನೆಯಲ್ಲೇ ಕೂತು ನೋಡಿದೆ.

ಮೊದಲ ದಿನ ಮಧ್ಯಾಹ್ನ ಎರಡಕ್ಕೆ ಎದ್ದ. ಎರಡನೆಯ ದಿನ ಏಳಲಿಲ್ಲ. ಇವತ್ತು ಅದೇ ಬಟ್ಟೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದ, ಕೋಣೆ ವಾಸನೆ ಬರುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಬರೆದುಕೊಂಡೆ: ಮೂರನೆಯ ದಿನ, ಸ್ನಾನವಿಲ್ಲ, ಹಲ್ಲುಜ್ಜಿಲ್ಲ, ಗೋಡೆಯೊಂದಿಗೆ ಮಾತು. ಬರೆಯುವಾಗ ಒಳಗೊಳಗೇ ಒಂದು ಸಮಾಧಾನ, ಬಂತಲ್ಲ, ಚೆನ್ನಾಗಿ ಬಂತಲ್ಲ ಎಂದು. ದೇವರೇ, ನನ್ನ ತಮ್ಮ ಕೊಳೆಯುತ್ತಿದ್ದ, ನನಗೆ ಖುಷಿಯಾಯಿತು.

ಆಗ ಅವನು ಈ ಕಡೆ ತಿರುಗದೆಯೇ ಕೇಳಿದ.

“ಅಕ್ಕ, ನಾನೇನು ತಪ್ಪು ಮಾಡ್ದೆ?”

ಪೆನ್ನು ಕೆಳಗಿಟ್ಟೆ. ನೀರು ಕಾಯಿಸಿದೆ. ತಲೆಗೆ ನಾನೇ ನೀರು ಹಾಕಿದೆ, ಚಿಕ್ಕವನಿದ್ದಾಗ ಹಾಕುತ್ತಿದ್ದ ಹಾಗೆ. ಸೋಪಿನ ನೀರು ಕಣ್ಣಿಗೆ ಹೋಗುತ್ತದೆಂದು ಅವನು ಕಣ್ಣು ಮುಚ್ಚಿಕೊಂಡಿದ್ದ, ಹಾಗಾಗಿ ನಾನು ಅತ್ತದ್ದು ಅವನಿಗೆ ಕಾಣಲಿಲ್ಲ. ಈ ಮೂರು ದಿನ ಬರೆದ ಪುಟಗಳನ್ನು ಹರಿದು ಒಲೆಯ ಉರಿಗೆ ಹಿಡಿದೆ.

ಏಪ್ರಿಲ್ 22, ಮಂಗಳವಾರ

ಹೇಳಿಬಿಟ್ಟೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ಮೇಡಂ, ತಪಾಸಣೆಯವನು ಎಲ್ಲ ಕೇಳಿದ್ದ, ಸುಳ್ಳು ಹೇಳಿದ್ದು ನಾನು ಎಂದೆ. ಮೂರು ದಿನ ತಮ್ಮನನ್ನು ಕೈಬಿಟ್ಟದ್ದನ್ನೂ ಹೇಳಿದೆ.

ಫಾರ್ಮಮ್ಮ ಊರುಗೋಲಿನ ರಬ್ಬರ್ ತುದಿಯಿಂದ ನೆಲದ ಮೇಲಿನ ಒಂದು ಕಲೆಯನ್ನು ಉಜ್ಜುತ್ತಿದ್ದರು. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

ಆಮೇಲೆ ತಮ್ಮದೇ ಕಥೆ ಹೇಳಿದರು. ಅವರ ಕಾಲಿಗೆ ಭತ್ಯೆ ಕೇಳಿದ್ದಾಗ ಮನೆಗೆ ಒಬ್ಬ ಹೆಂಗಸು ತಪಾಸಣೆಗೆ ಬಂದಿದ್ದಳಂತೆ. ಇವರದೇ ವಯಸ್ಸು, ಒಳ್ಳೆಯ ಸೀರೆ. ಬಾಗಿಲು ತಟ್ಟಿದ ತಕ್ಷಣ ಇವರಿಗೆ ಏನನ್ನಿಸಿತೋ, ಊರುಗೋಲನ್ನು ಬಾಗಿಲ ಹಿಂದೆ ಬಚ್ಚಿಟ್ಟು, ಅವಳನ್ನು ಕರೆತರಲು ನಾಲ್ಕು ಹೆಜ್ಜೆ ನಡೆದರಂತೆ.

“ಆ ನಾಲ್ಕು ಹೆಜ್ಜೆ ವಾಪಸ್ ತಗೊಳೋಕೆ ನಂಗೆ ಮೂರು ವರ್ಷ ಹಿಡೀತು ಕಣಮ್ಮ” ಎಂದರು. ಈವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು ಇವತ್ತು ನೀನು ಎಂದರು.

ಹೊಸ ಪತ್ರ ಬರೆದರು. ಹಳೆಯದರಲ್ಲಿದ್ದ ಆರೋಪವನ್ನು ಹಿಂದಕ್ಕೆ ಪಡೆಯುತ್ತೇವೆ, ಅಂದು ಅಕ್ಕ ನೀಡಿದ ಉತ್ತರಗಳು ಸರಿಯಲ್ಲ, ವಿಚಾರಣೆಯಲ್ಲಿ ಅವರೇ ವಿವರಿಸುತ್ತಾರೆ. ಇದರಿಂದ ಕೇಸ್ ಬಿದ್ದುಹೋಗಬಹುದಾ ಎಂದು ಕೇಳಿದೆ. ಬೀಳಬಹುದು ಎಂದರು. ಒಮ್ಮೆ ಸುಳ್ಳು ಹೇಳಿದವಳು ಈಗ ನಿಜ ಹೇಳುತ್ತಿದ್ದಾಳೆ ಎಂದು ಅವರು ಯಾಕೆ ನಂಬಬೇಕು? ಅದನ್ನು ನೀನೇ ನಂಬಿಸಬೇಕು, ನಿನ್ನ ತಮ್ಮ ಪಕ್ಕದಲ್ಲಿ ಕೂತಿರುವಾಗಲೇ, ಅವನಿಗೆ ಆಗದ್ದನ್ನೆಲ್ಲ ಒಂದೊಂದಾಗಿ ಹೇಳಬೇಕು ಎಂದರು.

ಅವನ ಎದುರಿಗೆ ಹೇಗೆ ಹೇಳಲಿ?

ಮೇ 2, ಶುಕ್ರವಾರ

ಮಣಿಕಟ್ಟಿನ ಹತ್ತಿರ ಹಬೆ ತಾಗಿ ಸುಟ್ಟಿತು. ಇಪ್ಪತ್ತಾರು ವರ್ಷದಲ್ಲಿ ಆಗದ್ದು ಒಂದೇ ತಿಂಗಳಲ್ಲಿ ಎರಡನೆಯ ಸಲ. ಕೈ ಎಲ್ಲೋ, ಮನಸ್ಸು ಎಲ್ಲೋ. ಮನೆಗೆ ಬಂದಾಗ ತಮ್ಮ ನೋಡಿ, ನಲ್ಲಿ ಕೆಳಗೆ ನನ್ನ ಕೈ ಹಿಡಿದು, ಆರುನೂರರವರೆಗೆ ಎಣಿಸಿದ. ಮಧ್ಯೆ ಒಮ್ಮೆ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದ. ಸಾಕು ಬಿಡೋ ಎಂದರೂ ಬಿಡಲಿಲ್ಲ.

ಅದಕ್ಕೆ ಮೊದಲು ಲಾಂಡ್ರಿಯಲ್ಲಿ ಜೊತೆಯವಳು ಮುಲಾಮು ಕೊಡುವಾಗ ಏನಾಗಿದೆ ನಿನಗೆ ಎಂದಳು. ತಮ್ಮನಿಗೆ ಹುಷಾರಿಲ್ಲ, ಹನ್ನೊಂದು ವರ್ಷದಿಂದ ಎಂದೆ. ಮತ್ತೆ ನಕ್ಷೆ ಕಂಪನಿ ಎಂದಳು. ಮುಚ್ಚಿತು ಎಂದೆ. ಇಬ್ಬರಿಗೂ ನಗು ಬಂತು. ಸಂಜೆ ಬಟ್ಟೆ ಒಗೆಯಲಿಲ್ಲ, ಕೈ ಉರಿಯುತ್ತಿತ್ತು.

ಮೇ 14, ಬುಧವಾರ

ಎಲ್ಲವನ್ನೂ ಬರೆಯಬೇಕು, ಬಿಟ್ಟರೆ ನಾಳೆ ನನ್ನ ಅನುಕೂಲಕ್ಕೆ ತಿದ್ದಿಬಿಡುತ್ತೇನೆ.

ಬೆಳಿಗ್ಗೆ ಆರಕ್ಕೆ ಸುಟ್ಟ ವಾಸನೆಗೆ ಎಚ್ಚರವಾಯಿತು. ತಮ್ಮ ಹೊರಕೋಣೆಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದ. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಅದರ ಕೆಳಗೆ ಬಟ್ಟೆ, ಅಂಚಿನಿಂದ ಹೊಗೆ. ಕೈ ಅಲ್ಲಾಡುತ್ತಿರಲಿಲ್ಲ. ತಲೆ ಮೇಲೆತ್ತಿ ಚಾವಣಿಗೆ ಕಿವಿಗೊಟ್ಟಿದ್ದ. ಪೆಟ್ಟಿಗೆಯನ್ನು ಕಿತ್ತುಕೊಂಡು ಪ್ಲಗ್ ತೆಗೆದೆ. ಸುಟ್ಟದ್ದು ಅವನ ಅಂಗಿಯಲ್ಲ, ನನ್ನದು. ಇವತ್ತಿಗೆಂದು ತೆಗೆದಿಟ್ಟಿದ್ದ ಉದ್ದನೆಯ ನೀಲಿ ಅಂಗಿ. ಎದೆಯಿಂದ ಸ್ವಲ್ಪ ಕೆಳಗೆ, ಎಡಕ್ಕೆ, ಇಸ್ತ್ರಿಯ ಮೂತಿಯಷ್ಟೇ ಅಗಲದ ಕಂದು ಕಲೆ.

“ನನ್ನ ಅಂಗಿಗೆ ಹಾಕ್ಬೇಡ ಅಂದಿದ್ರು ಫಾರ್ಮಮ್ಮ” ಎಂದ. “ನಿಂದಕ್ಕೆ ಬೇಡ ಅಂದಿರ್ಲಿಲ್ಲ. ಇವತ್ತು ಎಲ್ಲರೂ ನಿನ್ನನ್ನೇ ನೋಡ್ತಾರೆ ಅಲ್ವಾ.”

ಅರ್ಧ ಚೆನ್ನಾಗಿಯೇ ಬಂದಿತ್ತು. ತೋಳು, ಕಾಲರ್, ಬೆನ್ನು. ಮುಂಭಾಗಕ್ಕೆ ಬಂದಾಗ ಮೇಲಿನವರು ಕರೆದಿದ್ದಾರೆ.

ಬೀರುವಿನಲ್ಲಿ ಬೇರೆ ಅಂಗಿ ಇತ್ತು. ಕೈ ಅದರ ಕಡೆ ಹೋಗಿತ್ತು ಕೂಡ. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನೀಲಿಯದನ್ನೇ ಹಾಕಿಕೊಂಡೆ.

ವಿಚಾರಣೆಯ ಕೋಣೆ ಚಿಕ್ಕದು. ಉದ್ದ ಮೇಜು, ನೀರಿನ ಜಗ್ಗು, ಹೊರಗಿನ ರಸ್ತೆಯ ಸದ್ದು. ಆ ಕಡೆ ಮೂವರು, ಈ ಕಡೆ ನಾವು ಮೂವರು. ಫಾರ್ಮಮ್ಮ ನನ್ನ ಎಡಕ್ಕೆ, ತಮ್ಮ ಬಲಕ್ಕೆ. ಮಧ್ಯದಲ್ಲಿದ್ದ ಅಧ್ಯಕ್ಷೆ ಕಡತ ಬಿಡಿಸಿ, ಹಿಂದೆ ಹೇಳಿದ್ದಕ್ಕೂ ಈಗ ಬರೆದಿರುವುದಕ್ಕೂ ಹೊಂದಿಕೆಯಿಲ್ಲ, ಯಾವುದನ್ನು ನಂಬಬೇಕು ಎಂದು ನೇರವಾಗಿ ಕೇಳಿದರು.

ಹೇಳಿದೆ. ತಪಾಸಣೆಯ ಹುಡುಗನದೇನೂ ತಪ್ಪಿಲ್ಲ, ಸುಳ್ಳು ಹೇಳಿದವಳು ನಾನು ಎಂದೆ. ಯಾಕೆ ಎಂದರು. ನಾಚಿಕೆ ಎಂದೆ. ತಮ್ಮನ ಬಗ್ಗೆಯೇ ಎಂದು ಡಾಕ್ಟರ್ ಕೇಳಿದರು. ಆ ಪ್ರಶ್ನೆಗೆ ಪಾಠ ಮಾಡಿಕೊಂಡು ಹೋಗಿರಲಿಲ್ಲ. ಹೌದು ಎಂದೆ. ಅವನು ಪಕ್ಕದಲ್ಲೇ ಇದ್ದ. ಹನ್ನೊಂದು ವರ್ಷ ಮುಚ್ಚಿಟ್ಟದ್ದು ಒಂದೇ ಪದದಲ್ಲಿ ಆಚೆ ಬಂತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಒಂದೊಂದಾಗಿ ಹೇಳಿದೆ. ಬಚ್ಚಲ ಬಾಗಿಲು, ಸೋಪು, ಗುಬಟು, ಬೀಗ, ಲಿಫ್ಟ್. ತಮ್ಮನ ಕಡೆ ತಿರುಗುವ ಧೈರ್ಯವಿರಲಿಲ್ಲ. ಮೇಜಿನ ಮೇಲಿದ್ದ ನೀರಿನ ಜಗ್ಗಿಗೆ ಹೇಳಿದೆ.

ಅಧ್ಯಕ್ಷೆ ನನ್ನ ಅಂಗಿಯ ಕಲೆ ನೋಡಿ, ನೀವು ಲಾಂಡ್ರಿಯವರು ಅಲ್ಲವೇ, ಇದೇನು ಎಂದರು. ಇವತ್ತು ಬೆಳಿಗ್ಗೆ ನನ್ನ ತಮ್ಮ ಇಸ್ತ್ರಿ ಹಾಕಿಕೊಟ್ಟದ್ದು ಎಂದೆ. ಅವರು ಬರೆದುಕೊಳ್ಳಲಿಲ್ಲ. ಪೆನ್ನನ್ನು ಕೆಳಗಿಟ್ಟು ತಮ್ಮನ ಕಡೆ ತಿರುಗಿ, ಅಂದು ನಿಮ್ಮಕ್ಕ ನಿಮ್ಮ ಬಗ್ಗೆ ಹಾಗೆ ಹೇಳುವಾಗ ನೀವು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು.

ತಮ್ಮ ಸ್ವಲ್ಪ ಹೊತ್ತು ಚಾವಣಿ ನೋಡಿದ. ಆಮೇಲೆ ಹೇಳಿದ.

“ಅವಳು ಚೆನ್ನಾಗಿ ಹೇಳ್ತಾ ಇದ್ಲು. ತರಕಾರಿ ಆರಿಸ್ತಾನೆ, ಅಡುಗೆ ಮಾಡ್ತಾನೆ, ಯಾರಿಗೂ ತೊಂದ್ರೆ ಕೊಡಲ್ಲ ಅಂತ. ಕೇಳೋಕೆ ಖುಷಿಯಾಗ್ತಿತ್ತು. ಅವನು ನಾನೇ ಆಗಿದ್ರೆ ಎಷ್ಟು ಚೆನ್ನಾಗಿತ್ತು ಅನ್ನಿಸ್ತು. ಅದಕ್ಕೇ ಮಧ್ಯೆ ಬಾಯಿ ಹಾಕ್ಲಿಲ್ಲ.”

ಫಾರ್ಮಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಅಂದರೆ ಅವನಿಗೆ ಎಲ್ಲ ನೆನಪಿತ್ತು. ಇಷ್ಟು ದಿನ ಅವನೊಬ್ಬನೇ ಆ ಸುಳ್ಳನ್ನು ಜೋಪಾನ ಮಾಡಿದ್ದ, ನನಗಾಗಿ.

ತೀರ್ಪು ಅಂಚೆಯಲ್ಲಿ ಬರುತ್ತದಂತೆ. ಬಸ್ಸಿಗೆ ಕಾಯದೆ ನಡೆದುಕೊಂಡು ಬಂದೆವು. ದಾರಿಯಲ್ಲಿ ಟೈಲರ್ ಎದುರಾಗಿ ಅಂಗಿಯ ಕಲೆ ನೋಡಿ ಹುಬ್ಬೇರಿಸಿದ. ನಮಸ್ಕಾರ ಹೇಳಿ ಮುಂದೆ ಬಂದೆವು.

ಮೇ 20, ಮಂಗಳವಾರ

ಅಂಚೆ ಇಲ್ಲ.

ಮೇ 26, ಸೋಮವಾರ

ಇಲ್ಲ. ಸೂಪರ್‌ವೈಸರ್ ಏನು ತೀರ್ಮಾನ ಮಾಡಿದಿರಿ ಎಂದು ಕೇಳಿದ. ಶುಕ್ರವಾರ ಹೇಳುತ್ತೇನೆ ಎಂದೆ.

ಮೇ 30, ಶುಕ್ರವಾರ

ಬಂತು. ಲಕೋಟೆಯನ್ನು ಒಡೆಯದೆ ಇಬ್ಬರೂ ಗ್ರಂಥಾಲಯಕ್ಕೆ ಹೋದೆವು. ಫಾರ್ಮಮ್ಮ ಓದಿದರು. ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ. ಅಕ್ಕನ ಹೇಳಿಕೆಯನ್ನು ನಂಬಲಾಗಿದೆ. ಭತ್ಯೆ ಮಂಜೂರು, ಹಗಲು ಆರೈಕೆ ಕೇಂದ್ರದಲ್ಲಿ ವಾರಕ್ಕೆ ಮೂರು ದಿನ ಜಾಗ, ಸೋಮವಾರದಿಂದಲೇ.

ನಂಬಲಾಗಿದೆ ಎಂಬ ಪದವನ್ನು ಅವರಿಂದ ಇನ್ನೊಮ್ಮೆ ಓದಿಸಿಕೊಂಡೆ. ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಗೆದ್ದದ್ದು ಏನೆಂದರೆ, ನನ್ನ ತಮ್ಮ ತರಕಾರಿ ಆರಿಸುವ ಆ ಮನುಷ್ಯ ಅಲ್ಲ ಎಂಬುದು ಈಗ ಸರ್ಕಾರಿ ಮೊಹರಿನೊಂದಿಗೆ ಖಾತ್ರಿಯಾಯಿತು. ಅವನು ಆ ಪುಟ ಕೇಳಿ ಇಸಿದುಕೊಂಡು, ನಿಧಾನವಾಗಿ ಓದಿ, ಮಡಚಿ ನನ್ನ ಚೀಲದಲ್ಲಿಟ್ಟ. ಕ್ಷಮಿಸು ಎನ್ನುವ ಬದಲು ಚೀಲದ ಜಿಪ್ ಎಳೆದೆ.

ಮೂರು ದಿನ ಸರಿ, ಉಳಿದ ಎರಡು ದಿನಕ್ಕೆ ಏನು ಎಂದು ಕೇಳಿದೆ. ಅದಕ್ಕೆ ಇನ್ನೊಂದು ಫಾರ್ಮ್ ಇದೆ ಎಂದು ಫಾರ್ಮಮ್ಮ ಮೇಜಿನ ಖಾನೆ ಎಳೆದರು. ಇದು ಅವನದಲ್ಲವಂತೆ, ನೋಡಿಕೊಳ್ಳುವವರದು. ಮನೆಗೆ ಒಬ್ಬರು ಬಂದು ಕೂರುತ್ತಾರೆ, ಆದರೆ ಅದನ್ನು ನನ್ನ ಹೆಸರಲ್ಲಿ ಕೇಳಬೇಕು. ಅವರು ಒಂದೊಂದೇ ಪ್ರಶ್ನೆ ಓದುತ್ತಾ ಹೋದರು. ಹೆಸರು, ವಯಸ್ಸು, ಎಷ್ಟು ವರ್ಷದಿಂದ ನೋಡಿಕೊಳ್ಳುತ್ತಿದ್ದೀರಿ. ನಿದ್ರೆ ಸರಿಯಾಗಿ ಬರುತ್ತದೆಯೇ? ಬರುತ್ತದೆ ಎಂದೆ. ಇತ್ತೀಚೆಗೆ ಗಾಯವೇನಾದರೂ? ಇಲ್ಲ ಎಂದೆ, ಅಂಗಿಯ ತೋಳು ಕೆಳಗೆಳೆದುಕೊಂಡೆ.

“ನಿಮಗೆ ಸಹಾಯದ ಅಗತ್ಯವಿದೆಯೇ?”

“ಅಯ್ಯೋ, ನಂಗೇನೂ ಬೇಡ ಮೇಡಂ, ಎಲ್ಲಾ ನಾನೇ ಮಾಡ್ಕೊತೀನಿ” ಎಂದೆ.

ಫಾರ್ಮಮ್ಮ ಪೆನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು, ಬರೆಯಲಿಲ್ಲ. ತಮ್ಮ ನನ್ನ ಅಂಗಿಯ ತೋಳನ್ನು ಮೆಲ್ಲಗೆ ಮಣಿಕಟ್ಟಿನಿಂದ ಮೇಲಕ್ಕೆ ಸರಿಸಿದ. ಸುಟ್ಟ ಕಲೆ ಇನ್ನೂ ಮಾಸಿಲ್ಲ.

“ಈ ಸಲ ನಾನು ಸುಮ್ನಿರಲ್ಲ ಅಕ್ಕ” ಎಂದ. “ಹೌದು ಅನ್ನು.”

ಫಾರ್ಮಮ್ಮ ಕಾಗದವನ್ನೂ ಪೆನ್ನನ್ನೂ ನನ್ನ ಕಡೆಗೆ ತಿರುಗಿಸಿದರು. ಎರಡು ಚೌಕಗಳಿದ್ದವು, ಹೌದು, ಇಲ್ಲ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ, ಯಾರೂ ಅವಸರ ಮಾಡಲಿಲ್ಲ. ಹೌದು ಎಂಬಲ್ಲಿ ಗುರುತು ಹಾಕಿದೆ. ಗುರುತು ಚೌಕದಿಂದ ಆಚೆ ಹೋಯಿತು, ಸೊಟ್ಟಗಾಯಿತು. ಬೇರೆ ಕಾಗದ ಕೊಡಲಾ ಎಂದು ಕೇಳಿದರು. ಬೇಡ, ಹೀಗೇ ಹೋಗಲಿ ಎಂದೆ.